ದೂರದೇಶದ ಸೇವೆಯೂ ಹೊಳೆಯಾಚೆಯ ನೆರೆಯವರೂ

ಯಡೂರಿನ ಸುತ್ತಲಿನ ಸಭಿಕರಿಗೆ ಆಷಾಢ ಶ್ರಾವಣ ಮಾಸಗಳ ಸಂಗತಿಯನ್ನು ನಾವು ಬಿಡಿಸಿ ಹೇಳಬೇಕಾದದ್ದಿಲ್ಲ. ಸಹ್ಯಾದ್ರಿಯಲ್ಲಿ ಮಳೆ ಹಿಡಿದು ನಾಲ್ಕಾರು ದಿವಸಗಳಾದವೆಂದರೆ ಕೃಷ್ಣಾ ನದಿಯು ಕೆಂಪು ನೀರನ್ನು ಹೊತ್ತು ಏರತೊಡಗುವದು. ದೂಧಗಂಗೆಯೂ ವೇದಗಂಗೆಯೂ ತಮ್ಮ ತಮ್ಮ ಪಾಲನ್ನು ತಂದು ಕೂಡಿಸುವವು. ಕಲ್ಲೋಳಕ್ಕೂ ಯಡೂರಿಗೂ ನಡುವೆ ಇರುವ ತಗ್ಗಾದ ಸೇತುವೆಯು ನೀರಿನಲ್ಲಿ ಮುಳುಗಿ ಕಾಣದೆ ಹೋಗುವದು. ನಿನ್ನೆಯ ವರೆಗೆ ಹಾಲಿನ ಕ್ಯಾನುಗಳನ್ನು ಹೊತ್ತು ಗಳಿಗೆಯೊಳಗೆ ದಾಟುತ್ತಿದ್ದವರು ಇಂದು ಹತ್ತು ಊರುಗಳನ್ನು ಸುತ್ತಿ ಬರಬೇಕು. 2005ರಲ್ಲಿಯೂ 2019ರಲ್ಲಿಯೂ ಬಂದ ಮಹಾಪೂರಗಳನ್ನು ಕಂಡವರು, ಕಣ್ಣಿಗೆ ಕಾಣುವ ಊರು ಒಂದು ರಾತ್ರಿಯೊಳಗೆ ಹೇಗೆ ಪರದೇಶವಾಗುವದೆಂಬದನ್ನು ಚೆನ್ನಾಗಿ ಬಲ್ಲರು.

ಇಂಥ ಒಂದು ಮಳೆಗಾಲದ ಸಂಜೆಯಲ್ಲಿ ನಮ್ಮ ಸಭೆಯ ಹಿರಿಯರ ಮುಂದೆ ಒಂದು ಪ್ರಶ್ನೆಯು ಬಂತು. ದಾದಿಯ ಕೆಲಸವನ್ನು ಕಲಿತು ನಾಲ್ಕು ವರ್ಷ ಸೇವೆ ಮಾಡಿದ ನಮ್ಮ ಯುವತಿಯೊಬ್ಬಳು, ಪೂರ್ವ ಆಫ್ರಿಕದ ಒಳನಾಡಿನಲ್ಲಿರುವ ಒಂದು ಮಿಶನ್ ಆಸ್ಪತ್ರೆಗೆ ಸಂಬಳವಿಲ್ಲದೆ ಸ್ವಯಂಸೇವಕಳಾಗಿ ಹೋಗಬೇಕೆಂದು ಮನಸ್ಸು ಮಾಡಿದ್ದಳು. ಎರಡು ತಿಂಗಳ ಸೇವೆ. ಪ್ರಯಾಣದ ವೆಚ್ಚಕ್ಕೆ ಸಭೆಯು ಸಹಾಯ ಮಾಡುವದೋ ಎಂಬದೇ ಆಕೆಯ ವಿಜ್ಞಾಪನೆ. ಹಣದ ಮಾತು ಎಷ್ಟರದು? ಅದು ಬೇಗನೆ ತೀರಬಹುದಾಗಿತ್ತು. ಆದರೆ ಹಣದ ಮಾತಿನ ಬೆನ್ನಿಗೆ ಬೇರೊಂದು ಮಾತು ಬಂದು, ದೀಪ ಹೊತ್ತಿಸುವ ಹೊತ್ತು ದಾಟಿದರೂ ಮುಗಿಯಲಿಲ್ಲ. ಹೊಳೆಯಾಚೆಯ ವಿಧವೆಯನ್ನು ನೋಡಲಿಕ್ಕೆ ಹೋಗದವರು ಕಡಲಾಚೆಗೆ ಹೋಗುವದು ಯಾವ ಧರ್ಮವೆಂದು ಒಬ್ಬರು ಕೇಳಿದರು. ಬಾಸೆಲ್ ಪಟ್ಟಣದವರೂ ಹಾಗೆಯೇ ಹೇಳಿ ಮನೆಯಲ್ಲಿ ಕೂತಿದ್ದರೆ ನಾವೂ ನೀವೂ ಈ ಮಂದಿರದಲ್ಲಿ ಕೂಡಿರುತ್ತಿದ್ದೆವೋ ಎಂದು ಇನ್ನೊಬ್ಬರು ಮರುಪ್ರಶ್ನೆ ಹಾಕಿದರು. ಹುಡುಗಿಯ ತಾಯಿ ಬಾಗಿಲ ಹತ್ತಿರ ಸೆರಗು ಹೊದ್ದು ಕೂತಿದ್ದಳು. ಬಹಳ ಹೊತ್ತಿನ ಮೇಲೆ ಆಕೆ ಒಂದೇ ಮಾತು ಆಡಿದಳು: “ಅಲ್ಲಿ ಇಕೀಗೇ ಜ್ವರಾ ಬಂದ್ರ ಯಾರ್ ನೋಡತಾರ್ರೀ ಹಿರ್ಯಾರ?”

ಈ ಮೂರು ಮಾತುಗಳೂ ನಮ್ಮನ್ನು ಹಲವು ದಿವಸ ಬಿಡಲಿಲ್ಲ. ಅವುಗಳಲ್ಲಿ ತಾಯಿಯ ಮಾತೇ ಹೆಚ್ಚು ಭಾರವುಳ್ಳದ್ದೆಂದು ನಮಗೆ ತೋರಿದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುವೆವು.

ಬಾಸೆಲ್ ಮಿಶನ್ ಸಂಘವು 1815ರಲ್ಲಿ ಸ್ಥಾಪಿತವಾಯಿತು. ಸಾಮುವೇಲ್ ಹೆಬಿಕ್, ಲೇಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ ತಿಂಗಳಲ್ಲಿ ಮಂಗಳೂರಿಗೆ ಬಂದರೆಂಬದನ್ನೂ, ಅಲ್ಲಿಂದ ಆ ಕೆಲಸವು ಘಟ್ಟವನ್ನೇರಿ 1837ರಲ್ಲಿ ಧಾರವಾಡವನ್ನೂ 1839ರಲ್ಲಿ ಹುಬ್ಬಳ್ಳಿಯನ್ನೂ ಮುಟ್ಟಿತೆಂಬದನ್ನೂ ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಆದರೆ ಅದೇ ಸಂಘದವರು ನಮ್ಮ ದೇಶಕ್ಕಿಂತ ಮೊದಲೇ ಆಫ್ರಿಕದ ಪಡುವಣ ಕರಾವಳಿಗೆ, ಚಿನ್ನದ ಕರಾವಳಿಯೆಂದು ಆಗ ಕರೆಯಲ್ಪಟ್ಟು ಈಗ ಘಾನಾ ಎಂಬ ಹೆಸರುಳ್ಳ ನಾಡಿಗೆ, ಜನರನ್ನು ಕಳುಹಿಸಿದ್ದರೆಂಬದು ಅನೇಕರಿಗೆ ತಿಳಿಯದು. 1828ರ ಕೊನೆಯಲ್ಲಿ ನಾಲ್ವರು ಯುವಕರು ಅಲ್ಲಿ ಇಳಿದರು. ಮರುವರ್ಷ ಮುಗಿಯುವದರೊಳಗೆ ಅವರಲ್ಲಿ ಮೂವರು ಜ್ವರದಿಂದ ಸತ್ತರು. ಉಳಿದ ಹೆಂಕೆ ಎಂಬವನು 1831ರಲ್ಲಿ ತೀರಿಕೊಂಡನು. 1832ರಲ್ಲಿ ಇನ್ನು ಮೂವರು ಹೋದರು. ಅವರಲ್ಲಿ ಒಬ್ಬನು ವೈದ್ಯನು. ಕೆಲವು ತಿಂಗಳುಗಳಲ್ಲಿ ವೈದ್ಯನೂ ಸತ್ತನು, ಇನ್ನೊಬ್ಬನೂ ಸತ್ತನು. ಆಂದ್ರೆಯಾಸ್ ರೀಸ್ ಎಂಬವನೊಬ್ಬನೇ ಉಳಿದನು.

ಈ ವೃತ್ತಾಂತವನ್ನು ಓದುವಾಗ ನಮ್ಮ ಮನಸ್ಸು ಎರಡಾಗುವದು. ಸತ್ತವರ ಸಮಾಧಿಗಳ ಮುಂದೆ ನಾವು ಪಾದರಕ್ಷೆ ಕಳಚಿ ನಿಲ್ಲಬೇಕೇ ಹೊರತು ಲೆಕ್ಕ ಕೇಳಲಿಕ್ಕೆ ನಮಗೆ ಯೋಗ್ಯತೆ ಇಲ್ಲ. ಅವರು ಸಾಯುವದಕ್ಕೆ ಸಿದ್ಧರಾಗಿ ಹೋದರು, ಸತ್ತರು. ಆದರೆ ಅವರನ್ನು ಕಳುಹಿಸಿದವರ ವಿಷಯವಾಗಿ ನಾವು ಅಷ್ಟು ಸುಲಭವಾಗಿ ಸುಮ್ಮನಿರಲಾರೆವು. ತಾನೇ ಅಪಾಯಕ್ಕೆ ಹೋಗುವದು ಒಂದು. ಇನ್ನೊಬ್ಬರ ಮಗನನ್ನು ಅಪಾಯಕ್ಕೆ ಕಳುಹಿಸುವದು ಮತ್ತೊಂದು. ಮೊದಲನೆಯದಕ್ಕೆ ಧೈರ್ಯವಿದ್ದರೆ ಸಾಕು. ಎರಡನೆಯದಕ್ಕೆ ಧೈರ್ಯದೊಡನೆ ನಿದ್ರೆಗೆಡುವ ವಿವೇಚನೆಯೂ ಬೇಕು. ಸಭೆಯು ಯಾರನ್ನಾದರೂ ಹಾರೈಸಿ ಕಳುಹಿಸುವಾಗ ಹಾಡಿಗಿಂತ ಮೊದಲು ಈ ವಿವೇಚನೆ ನಡೆಯಬೇಕೆಂಬದೇ ಆ ತಾಯಿಯ ಮಾತಿನ ಅರ್ಥವಾಗಿತ್ತು.

1829ರಲ್ಲಿ ಆ ಜ್ವರದ ಮೂಲವನ್ನು ಯಾರೂ ಅರಿತಿರಲಿಲ್ಲ. ಕೆಟ್ಟ ಗಾಳಿಯಿಂದ, ಜವುಗಿನ ಉಗಿಯಿಂದ ಬರುವದೆಂದು ಪಂಡಿತರು ಹೇಳುತ್ತಿದ್ದರು. ಚಳಿಜ್ವರದ ಕ್ರಿಮಿಯು ಸೊಳ್ಳೆಯ ಒಡಲಲ್ಲಿ ಬೆಳೆಯುವದೆಂಬದನ್ನು ರೊನಾಲ್ಡ್ ರಾಸ್ ಎಂಬ ವೈದ್ಯನು ಕಂಡದ್ದು 1897ರಲ್ಲಿ, ನಮ್ಮ ನೆರೆಯ ಸಿಕಂದರಾಬಾದಿನಲ್ಲಿ. ಹೀಗಿರಲಾಗಿ ಅಂದಿನವರು ಅರಿಯದೆ ಸತ್ತರು. ಇಂದು ಹೋಗುವವರಿಗೆ ಆ ನೆವವಿಲ್ಲ. ಸೊಳ್ಳೆಪರದೆಯುಂಟು, ಗುಳಿಗೆಗಳುಂಟು, ಹಳದಿ ಜ್ವರಕ್ಕೆ ಹೊರಡುವದಕ್ಕೆ ಹತ್ತು ದಿವಸ ಮೊದಲಾದರೂ ಹಾಕಿಸಿಕೊಳ್ಳಬೇಕಾದ ಚುಚ್ಚುಮದ್ದುಂಟು. ಆ ಚುಚ್ಚುಮದ್ದಿನ ಹಳದಿ ಪತ್ರವಿಲ್ಲದೆ ಆ ಜ್ವರವುಳ್ಳ ದೇಶಗಳಿಂದ ತಿರಿಗಿ ಬರುವವರನ್ನು ನಮ್ಮ ಸರಕಾರವು ಆರು ದಿವಸಗಳ ವರೆಗೆ ಬೇರೆಯಾಗಿ ಇರಿಸಬಹುದು. “ದೇವರ ಕೆಲಸಕ್ಕೆ ಹೋಗುವೆವು, ದೇವರೇ ಕಾಯುವನು” ಎಂದು ಹೇಳಿ ಗುಳಿಗೆಯನ್ನು ಬಿಡುವ ಸ್ವಯಂಸೇವಕರ ಸುದ್ದಿಯನ್ನು ನಾವು ಕೇಳಿದ್ದೇವೆ. ದೇವಾಲಯದ ಶಿಖರದ ಮೇಲೆ ನಿಲ್ಲಿಸಲ್ಪಟ್ಟಾಗ ನಮ್ಮ ಕರ್ತನು ಕೆಳಗೆ ಧುಮುಕಲಿಲ್ಲವೆಂಬದನ್ನು ಅಂಥವರು ಮರೆತಿರುವರು. ಒಬ್ಬನ ಅಜಾಗರೂಕತೆಗಾಗಿ ಆಸ್ಪತ್ರೆಯ ಒಂದು ಹಾಸಿಗೆಯೂ ಒಬ್ಬ ದಾದಿಯೂ ಹದಿನೈದು ದಿವಸ ಹೋದರೆ, ಆ ಹಾಸಿಗೆಯಿಂದ ಎಬ್ಬಿಸಲ್ಪಟ್ಟವನು ಆ ನಾಡಿನ ಬಡವನೇ ಅಲ್ಲವೇ?

ರೀಸನು ಹೇಗೆ ಉಳಿದನೆಂಬದು ಇಲ್ಲಿ ನೆನಪಿಗೆ ತರತಕ್ಕ ಸಂಗತಿ. ಅವನೂ ಅದೇ ಜ್ವರದಲ್ಲಿ ಬಿದ್ದಿದ್ದನು. ಯೂರೋಪಿನ ಔಷಧವು ಕೈಬಿಟ್ಟಾಗ ಆ ನಾಡಿನ ಒಬ್ಬ ನಾಟಿವೈದ್ಯನು ಅವನನ್ನು ಉಪಚರಿಸಿ ಎಬ್ಬಿಸಿದನೆಂದು ಆ ಮಿಶನ್ನಿನ ಚರಿತ್ರೆ ಹೇಳುತ್ತದೆ. ಸಹಾಯ ಮಾಡಲಿಕ್ಕೆ ಹೋದವನಿಗೆ ಮೊದಲು ಸಹಾಯ ಮಾಡಿದವರು ಆ ಜನರೇ. “ಇಕೀಗೇ ಜ್ವರಾ ಬಂದ್ರ ಯಾರ್ ನೋಡತಾರ್ರೀ?” ಎಂಬ ಪ್ರಶ್ನೆಗೆ ಚರಿತ್ರೆಯು ಕೊಡುವ ಉತ್ತರವು ಇದೇ: ಆ ನಾಡಿನವರೇ ನೋಡುವರು. ದೂರ ಹೋಗುವವನು ಕೊಡುವವನಾಗುವದಕ್ಕಿಂತ ಮುಂಚೆ ಬೇಡುವವನಾಗುವನು. ನೀರು ಎಲ್ಲಿ ಕುಡಿಯಬೇಕು, ಯಾವ ದಾರಿ ಹಿಡಿಯಬೇಕು, ಹಿರಿಯರ ಮುಂದೆ ಹೇಗೆ ಕೂಡಬೇಕು ಎಂಬವುಗಳನ್ನೆಲ್ಲಾ ಕೂಸಿನಂತೆ ಕೇಳಿ ಕಲಿಯಬೇಕಾಗುವದು. ಇದನ್ನು ಸಹಿಸಲಾರದವನು ಹೋಗದಿರುವದೇ ಲೇಸು. ಕೆಂಪು ಕೆಸರಿನ ದಾರಿ, ಹುಗಿದು ನಿಲ್ಲುವ ಮೋಟಾರು, ದೀಪವಿಲ್ಲದ ರಾತ್ರಿ ಇವನ್ನು ನಮ್ಮ ಹಳ್ಳಿಯ ಮಕ್ಕಳು ತಾಳಿಕೊಂಡಾರು. ಮಳೆಗಾಲದ ಎರೆಭೂಮಿಯಲ್ಲಿ ನಡೆದ ಕಾಲುಗಳಿಗೆ ಅದು ಹೊಸದಲ್ಲ. ಕಲಿತವರೆನಿಸಿಕೊಂಡು ಹೋಗಿ ಏನೂ ತಿಳಿಯದವರಾಗಿ ಕೂಡುವದೇ ಕಠಿಣವಾದ ಪ್ರಯಾಣ.

ರೀಸನ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅವನು 1835ರಲ್ಲಿ ಕರಾವಳಿಯನ್ನು ಬಿಟ್ಟು ಗುಡ್ಡದ ಮೇಲಿನ ಅಕ್ರೊಪಾಂಗ್ ಎಂಬ ಊರಿಗೆ ಹೋಗಿ ಮನೆ ಕಟ್ಟಿದನು. ಜನರು ಅವನನ್ನು ಮನೆ ಕಟ್ಟುವವನೆಂದೇ ಕರೆದರು. ಆದರೂ 1840ರಲ್ಲಿ ಊರಿಗೆ ಮರಳುವಾಗ ಒಬ್ಬನಿಗೂ ದೀಕ್ಷಾಸ್ನಾನವಾಗಿರಲಿಲ್ಲ. ಆ ಊರ ಅರಸನು ಅವನಿಗೆ ಹೇಳಿದನೆಂದು ಒಂದು ಮಾತು ಪರಂಪರೆಯಾಗಿ ಬಂದಿದೆ: ಈ ದೇವರು ಬಿಳಿಯರ ದೇವರೆಂದೇ ನಮಗೆ ತೋರುತ್ತದೆ, ಆತನನ್ನು ಸೇವಿಸುವ ಕರಿಯರನ್ನು ನಮಗೆ ತೋರಿಸಿದರೆ ಆಗ ಆಲೋಚಿಸುವೆವು ಎಂಬುದು ಅದರ ತಾತ್ಪರ್ಯ. ಬಾಸೆಲಿನವರು ಆ ಮಾತನ್ನು ಅವಮಾನವೆಂದೆಣಿಸದೆ ಬುದ್ಧಿಯೆಂದು ತೆಗೆದುಕೊಂಡರು. 1843ರ ಏಪ್ರಿಲ್ ತಿಂಗಳಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಿಂದ, ಹೆಚ್ಚಾಗಿ ಜಮೈಕದಿಂದ, ಇಪ್ಪತ್ತನಾಲ್ಕು ಮಂದಿ ಕರಿಯ ಕ್ರೈಸ್ತರು ಹೆಂಡಿರು ಮಕ್ಕಳೊಡನೆ ಆ ತೀರದಲ್ಲಿ ಇಳಿದರು. ಇವರು ಮೊರೇವಿಯನ್ ಸಭೆಗೆ ಸೇರಿದವರು. ಗುಲಾಮರಾಗಿ ಒಯ್ಯಲ್ಪಟ್ಟವರ ಸಂತತಿಯವರು. ಹೀಗೆ ಸ್ವತಂತ್ರರಾಗಿ ಮೂಲದೇಶಕ್ಕೆ ಮರಳಿದವರ ಪ್ರಯಾಣವನ್ನು ನೆನೆದರೆ ಬಾಸೆಲಿನವರ ಪ್ರಯಾಣವೂ ಚಿಕ್ಕದಾಗಿ ಕಾಣುವದು. ಅವರು ತಂದ ಗಿಡಗಳಲ್ಲಿ ಮಾವೂ ಒಂದು. ನಮ್ಮ ದೇಶದ ಮಾವು ಹಡಗು ಹತ್ತಿ ದ್ವೀಪಗಳಿಗೆ ಹೋಗಿ, ಆ ದ್ವೀಪದವರ ಕೈಯಿಂದ ಅಕ್ರೊಪಾಂಗಿನ ಗುಡ್ಡವನ್ನೇರಿತು. ಇದು ನಮ್ಮ ವಾದಕ್ಕೆ ಸಂಬಂಧಪಟ್ಟದ್ದಲ್ಲ. ಆದರೂ ಬರೆಯದಿರಲಾರದೆ ಬರೆದೆವು.

ಆ ಇಪ್ಪತ್ತನಾಲ್ಕು ಮಂದಿಯ ಗುಣವನ್ನು ಹೊಗಳಿ ಹೇಳಿ ಅವರ ಗೊಣಗಾಟವನ್ನು ಮುಚ್ಚಿಡುವದು ಸರಿಯಲ್ಲ. ಅವರಲ್ಲಿ ಅಸಮಾಧಾನವಿತ್ತು, ಜಗಳವಿತ್ತು. ಐದು ವರ್ಷದ ಕರಾರು ತೀರಿದ ಮೇಲೆ ಕೆಲವರು ಜಮೈಕಕ್ಕೆ ತಿರಿಗಿ ಹೋದರು. ಉಳಿದವರು ಉಳಿದರು, ಅವರ ಮಕ್ಕಳು ಆ ಊರಿನವರೇ ಆದರು. ಸಭೆಯು ಬೇರೂರಿದ್ದು ಅವರು ಕಾಲಿಟ್ಟ ಮೇಲೆಯೇ.

ಈಗ ಎರಡನೆಯವರ ಮಾತಿಗೆ ಬರುವೆವು. ದೂರದವರು ಬಂದದ್ದರಿಂದಲೇ ನಾವು ಇದ್ದೇವೆಂಬದು ನಿಜ. ಇದಕ್ಕಾಗಿ ಮಂಗಳೂರಿನ ವರೆಗೆ ಹೋಗಬೇಕಾದದ್ದಿಲ್ಲ. ನಮ್ಮ ಗಡಿಸೀಮೆಯಲ್ಲಿಯೇ ಸಾಕ್ಷಿಗಳಿದ್ದಾರೆ. ರಾಯಲ್ ವೈಲ್ಡರ್ ಎಂಬ ಅಮೇರಿಕದ ಮಿಶನರಿಯು 1852ರಲ್ಲಿ ಕೊಲ್ಹಾಪುರಕ್ಕೆ ಬಂದನು. ಅವನ ಮಗನಾದ ರಾಬರ್ಟನು 1863ರಲ್ಲಿ ಕೊಲ್ಹಾಪುರದಲ್ಲಿಯೇ ಹುಟ್ಟಿದನು. ಇವನು ಮುಂದೆ ಅಮೇರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1886ರ ಬೇಸಿಗೆಯಲ್ಲಿ ಮೌಂಟ್ ಹರ್ಮನ್ ಎಂಬ ಸ್ಥಳದಲ್ಲಿ ಮೂಡಿಯವರು ಕೂಡಿಸಿದ ವಿದ್ಯಾರ್ಥಿಗಳ ಕೂಟಕ್ಕೆ ಹೋದನು. ಆ ಕೂಟವು ಮುಗಿಯುವಷ್ಟರಲ್ಲಿ ನೂರು ಮಂದಿ ಯುವಕರು ಅನ್ಯದೇಶದ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡು ರುಜು ಹಾಕಿದರು. ವಿದ್ಯಾರ್ಥಿ ಸ್ವಯಂಸೇವಕ ಚಳುವಳಿಯೆಂದು ಹೆಸರಾದದ್ದು ಅದೇ; ಅದರಿಂದ ಸಾವಿರಾರು ಮಂದಿ ಲೋಕದ ದಿಕ್ಕುದಿಕ್ಕಿಗೆ ಹೊರಟರು. ಸ್ವಯಂಸೇವಕನೆಂಬ ಮಾತನ್ನು ಇಂದು ನಮ್ಮ ಯುವಕರು ಅಮೇರಿಕದಿಂದ ಬಂದದ್ದೆಂದು ಬೆರಗಿನಿಂದ ಆಡುವರು. ಆ ಮಾತಿಗೆ ಲೋಕಪ್ರಸಿದ್ಧಿಯನ್ನು ತಂದವನು ಪಂಚಗಂಗೆಯ ದಡದಲ್ಲಿ ಹುಟ್ಟಿದ ಕೂಸು. ಆ ಪಂಚಗಂಗೆಯ ನೀರೇ ನರಸೋಬನ ವಾಡಿಯಲ್ಲಿ ಕೃಷ್ಣೆಗೆ ಕೂಡಿ ಯಡೂರಿನ ಮುಂದೆ ಹರಿಯುವದು. ಅವನ ಅಕ್ಕ ಗ್ರೇಸಳು ಆ ಕೂಟಕ್ಕಾಗಿ ಬಹುಕಾಲ ಪ್ರಾರ್ಥಿಸಿದವಳು. ಆಕೆಯೂ ತಾನು ಹುಟ್ಟಿದ ಸೀಮೆಗೆ ಮರಳಿ ಬಂದು ಇಲ್ಲಿ ಸೇವೆ ಮಾಡಿದಳು.

ಮೀರಜದ ಸಂಗತಿಯನ್ನಂತೂ ನಮ್ಮ ಮುದುಕರು ಮನೆಮಾತಿನಂತೆ ಬಲ್ಲರು. ವಿಲಿಯಂ ವಾನ್ಲೆಸ್ ಎಂಬ ವೈದ್ಯರು 1889ರಲ್ಲಿ ನಮ್ಮ ದೇಶಕ್ಕೆ ಬಂದು, ಮೊದಲು ಸಾಂಗಲಿಯಲ್ಲಿ ಕೆಲಸ ಮಾಡಿ, 1894ರಲ್ಲಿ ಮೀರಜದ ಆಸ್ಪತ್ರೆಯನ್ನು ತೆರೆದರು. 1897ರಲ್ಲಿ ಇಲ್ಲಿಯ ತರುಣರಿಗೆ ವೈದ್ಯವಿದ್ಯೆಯನ್ನು ಕಲಿಸುವ ಶಾಲೆಯನ್ನೂ ಆರಂಭಿಸಿದರು. ಅವರು ಬಂದದ್ದು ಎಷ್ಟು ದೂರದಿಂದ ಎಂದು ಯಾರೂ ಕೇಳುವದಿಲ್ಲ. ಅವರು ಕೆನಡ ದೇಶದವರೆಂಬದೂ ಹಲವರಿಗೆ ತಿಳಿಯದು. ಎಷ್ಟು ವರ್ಷ ಇದ್ದರೆಂಬದನ್ನು ಮಾತ್ರ ಎಲ್ಲರೂ ಹೇಳುವರು: ಸುಮಾರು ನಾಲ್ವತ್ತು ವರ್ಷ. ದೂರದ ಸೇವೆಯನ್ನು ಮೈಲಿಗಳಿಂದ ಅಳೆಯುವದು ಹೊರಡುವವರ ಪದ್ಧತಿ, ವರ್ಷಗಳಿಂದ ಅಳೆಯುವದು ಬರಮಾಡಿಕೊಂಡವರ ಪದ್ಧತಿ. ನಾವು ಬರಮಾಡಿಕೊಂಡವರ ಮಕ್ಕಳಾಗಿದ್ದೇವೆ. ಹೊರಡುವ ಕಾಲ ಬಂದಾಗ ಆ ಅಳತೆಗೋಲನ್ನು ಮನೆಯಲ್ಲಿ ಬಿಟ್ಟು ಹೋಗಲಾಗದು. ವಾನ್ಲೆಸ್ ವೈದ್ಯರು ಎರಡು ತಿಂಗಳಿಗೆ ಬಂದು ಭಾವಚಿತ್ರ ತೆಗೆಯಿಸಿಕೊಂಡು ಹೋಗಿದ್ದರೆ, ಚಿಕ್ಕೋಡಿ ರಾಯಬಾಗ ಅಥಣಿ ಸೀಮೆಗಳಿಂದ ಚಕ್ಕಡಿ ಕಟ್ಟಿಕೊಂಡು ಮೀರಜಕ್ಕೆ ಹೋಗುವ ಕಾರಣ ನಮ್ಮ ಅಜ್ಜ ಅಜ್ಜಿಯರಿಗೆ ಎಲ್ಲಿರುತ್ತಿತ್ತು?

ನಮ್ಮ ಕಡೆಯಿಂದ ಆಫ್ರಿಕಕ್ಕೆ ಹೋದವರೂ ಉಂಟು, ಇದನ್ನು ಬಹಳ ಜನರು ಬಲ್ಲವರಲ್ಲ. ಅರಬರ ಹಡಗುಗಳಿಂದ ಬಿಡಿಸಲ್ಪಟ್ಟ ಆಫ್ರಿಕದ ಗುಲಾಮ ಮಕ್ಕಳಲ್ಲಿ ಅನೇಕರು ಮುಂಬಯಿ ಇಲಾಖೆಯ ನಾಸಿಕದಲ್ಲಿ, ಚರ್ಚ್ ಮಿಶನರಿ ಸಂಘದವರ ಶರಣಪುರದಲ್ಲಿ ಬೆಳೆದು, ಅಕ್ಷರವನ್ನೂ ಬಡಗಿ ಕಮ್ಮಾರ ಕೆಲಸಗಳನ್ನೂ ಕಲಿತರು. 1866ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ನರು ತಮ್ಮ ಕಡೆಯ ಪ್ರಯಾಣಕ್ಕೆ ಮುಂಬಯಿಯಿಂದ ಹೊರಟಾಗ ಈ ಶಾಲೆಯ ಒಂಬತ್ತು ಮಂದಿ ಅವರ ಸಂಗಡ ಹೋದರು. ಕೆಲವು ಮಂದಿ ಮುಂಬಯಿಯ ಸಿಪಾಯಿಗಳೂ ಹೋದರು. ಆದರೆ ಅವರು ಹೊರೆಯ ಪಶುಗಳನ್ನು ಬಡಿದು, ದಾರಿಯಲ್ಲಿ ಹಿಂದೆ ಬಿದ್ದು, ಕೆಲವು ತಿಂಗಳಲ್ಲಿಯೇ ಮರಳಿ ಕಳುಹಿಸಲ್ಪಟ್ಟರು. 1872ರಲ್ಲಿ ಇದೇ ಶಾಲೆಯ ಇನ್ನೊಂದು ಗುಂಪು ಹೋಗಿ ಲಿವಿಂಗ್‌ಸ್ಟನ್ನರನ್ನು ಸೇರಿತು. ಅದರಲ್ಲಿ ಜೇಕಬ್ ವೇನ್‌ರೈಟ್ ಎಂಬವನೊಬ್ಬನು. 1873ರ ಮೇ ತಿಂಗಳ ಮೊದಲಲ್ಲಿ ಚಿತಾಂಬೋ ಎಂಬ ಮುಖ್ಯಸ್ಥನ ಊರಿನಲ್ಲಿ ಲಿವಿಂಗ್‌ಸ್ಟನ್ನರು ತೀರಿಕೊಂಡಾಗ ಅವರ ಹೃದಯವನ್ನು ಒಂದು ಮರದ ಬುಡದಲ್ಲಿ ಹೂಣಿಟ್ಟು, ಅಂತ್ಯಪ್ರಾರ್ಥನೆಯನ್ನು ಓದಿದವನು ಈ ಜೇಕಬನೇ. ಆ ಮೇಲೆ ಸೂಸಿ, ಚೂಮ ಮುಂತಾದವರೊಡನೆ ಶವವನ್ನು ಒಣಗಿಸಿ, ಕಟ್ಟಿ, ಹೊತ್ತು, ಸಾವಿರ ಮೈಲಿಗೂ ಹೆಚ್ಚಿನ ದಾರಿಯನ್ನು ಒಂಬತ್ತು ತಿಂಗಳಲ್ಲಿ ನಡೆದು ಕಡಲ ತೀರವನ್ನು ಮುಟ್ಟಿಸಿದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಲಿವಿಂಗ್‌ಸ್ಟನ್ನರ ಸಮಾಧಿಯ ಕಲ್ಲಿನ ಮೇಲೆ, ನಂಬಿಗಸ್ತರಾದವರು ಹೊತ್ತು ತಂದರೆಂಬ ಮಾತು ಇದೆ. ಹೊತ್ತವರ ಹೆಸರು ಇಲ್ಲ.

ದೂರದ ಮಿಶನ್ನಿನ ಪ್ರಯಾಣವೆಂದರೆ ನಮ್ಮ ಯುವಕರು ಟೊಪ್ಪಿಗೆ ಇಟ್ಟ ಒಬ್ಬ ಬಿಳಿಯ ಮನುಷ್ಯನನ್ನು ನೆನೆಯುವರು. ಅವನ ಹಿಂದೆ ಹೊರೆ ಹೊತ್ತು ನಡೆದವರ ಪ್ರಯಾಣವೂ ಅಷ್ಟೇ ದೂರದ್ದಾಗಿತ್ತು. ಅವರ ಹೆಗಲ ಮೇಲೆ ಹೊರೆಯೂ ಇತ್ತು.

ಇಲ್ಲಿ ಒಂದು ಸೂಕ್ಷ್ಮ ವಿಚಾರವನ್ನು ಹೇಳಬೇಕಾಗಿದೆ. ಯಡೂರಿನ ವೀರಭದ್ರನ ಗುಡಿಗೆ ಕರ್ನಾಟಕ ಮಹಾರಾಷ್ಟ್ರಗಳ ಹಳ್ಳಿಹಳ್ಳಿಗಳಿಂದ ಭಕ್ತರು ಬರುವದನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಬರಿಗಾಲಿನಿಂದ ನಡೆದು ಬರುವವರಿಗೆ ನಮ್ಮ ಮನೆಯವರೂ ನೀರು ಕೊಟ್ಟದ್ದುಂಟು. ಆ ನೆರೆಯವರ ಭಕ್ತಿಯನ್ನು ಹಗುರಾಗಿ ಆಡುವದು ನಮ್ಮ ಇಚ್ಛೆಯಲ್ಲ. ಯಾತ್ರಿಕನಿಗೆ ನಡೆಯುವದೇ ಅರ್ಧ ಪೂಜೆ. ಬಿಸಿಲೂ ಬೊಬ್ಬೆಯೂ ಅವನ ಕಾಣಿಕೆಯ ಭಾಗಗಳು. ಆದರೆ ಸೇವೆಗೆ ಹೋಗುವವನ ಸಂಗತಿ ಬೇರೆ. ಅವನ ದಾರಿಯು ಕಾಣಿಕೆಯಲ್ಲ, ಬರೇ ಖರ್ಚು. ನಾಲ್ಕು ವಿಮಾನ ಬದಲಾಯಿಸಿ, ಎರಡು ದಿವಸ ಬಸ್ಸಿನಲ್ಲಿ ಕುಲುಕಿ, ಹೊಳೆಯನ್ನು ದಾಟಿ ಬಂದೆನೆಂಬದು ಅಲ್ಲಿಯ ರೋಗಿಗೆ ಏನೂ ಅಲ್ಲ. ಅಪೊಸ್ತಲನಾದ ಪೌಲನು ತನ್ನ ಹಡಗು ಮುರಿದದ್ದನ್ನೂ, ಪೆಟ್ಟು ತಿಂದದ್ದನ್ನೂ, ಹೊಳೆಗಳ ಅಪಾಯವನ್ನೂ ಎಣಿಸಿ ಹೇಳಿದನು. ಆದರೆ ಹಾಗೆ ಹೇಳುವಾಗ ತಾನು ಬುದ್ಧಿಹೀನನಂತೆ ಆಡುತ್ತೇನೆಂದು ತಾನೇ ನಾಚಿಕೊಂಡನು. ತಿರಿಗಿ ಬಂದ ನಮ್ಮ ಸ್ವಯಂಸೇವಕರು ಸಭೆಯಲ್ಲಿ ಸಾಕ್ಷಿ ಹೇಳುವಾಗ ಈ ನಾಚಿಕೆ ಹೆಚ್ಚಾಗಿ ಕಾಣುವದಿಲ್ಲ. ದಾರಿಯ ವರ್ಣನೆಯು ಮುಕ್ಕಾಲು ಗಳಿಗೆ, ರೋಗಿಗಳ ವರ್ಣನೆಯು ಕಾಲು ಗಳಿಗೆ. ಕೃಪೆಯಿಂದಲೇ ರಕ್ಷಣೆಯೆಂದು ಬೋಧಿಸುವ ನಾವು, ಕಿಲೋಮೀಟರುಗಳನ್ನು ಪುಣ್ಯದ ಖಾತೆಗೆ ಜಮಾ ಮಾಡುವ ಅಭ್ಯಾಸಕ್ಕೆ ನಮಗೆ ಅರಿವಿಲ್ಲದಂತೆ ಬಿದ್ದಿದ್ದೇವೋ ಎಂದು ಸಂಶಯವಾಗುವದು.

ಹೀಗಾದರೆ ಮೊದಲನೆಯವರು ಹೇಳಿದ್ದೇ ಸರಿಯೋ? ಹೊಳೆಯಾಚೆಯವರನ್ನು ನೋಡುವ ವರೆಗೆ ಕಡಲಾಚೆಗೆ ಹೋಗಬಾರದೋ? ನಾವು ಬಹು ದಿವಸ ಹಾಗೆಯೇ ನೆನಸಿದೆವು. ಈ ಲೇಖನವನ್ನು ಆ ಅಭಿಪ್ರಾಯದಿಂದಲೇ ಬರೆಯಲಾರಂಭಿಸಿದ್ದೆವು ಎಂದು ಒಪ್ಪಿಕೊಳ್ಳುವೆವು. ಹಣದ ಲೆಕ್ಕವೂ ನಮ್ಮ ಪಕ್ಷದಲ್ಲಿತ್ತು: ಹೋಗಿ ಬರುವ ವಿಮಾನದ ದುಡ್ಡನ್ನೇ ಆ ಆಸ್ಪತ್ರೆಗೆ ಕಳುಹಿಸಿದರೆ ಅಲ್ಲಿಯವಳೇ ಆದ ದಾದಿಯೊಬ್ಬಳಿಗೆ ಕೆಲವು ತಿಂಗಳ ಸಂಬಳವಾಗುವದಲ್ಲವೇ? ಈ ಲೆಕ್ಕಕ್ಕೆ ಇಂದಿಗೂ ಪೂರ್ಣವಾದ ಉತ್ತರವು ನಮಗೆ ದೊರೆತಿಲ್ಲ. ಆದರೆ ಬರೆಯುತ್ತಿರುವಾಗ 2019ರ ಆಗಸ್ಟ್ ತಿಂಗಳ ಒಂದು ದಿವಸ ನೆನಪಿಗೆ ಬಂದು ಲೇಖನಿ ನಿಂತಿತು.

ಆ ಮಹಾಪೂರದಲ್ಲಿ ಹೊಳೆಯ ದಡದ ಜನರನ್ನು ಶಾಲೆಗಳಲ್ಲಿ ತೆರೆದ ಗಂಜಿಕೇಂದ್ರಗಳಿಗೆ ಕರೆತಂದಿದ್ದರು. ನೀರಿನಲ್ಲಿ ನಿಂತು ನಿಂತು ಕಾಲ್ಬೆರಳು ಕೊಳೆತವರು, ಜ್ವರದ ಕೂಸುಗಳು, ಎಮ್ಮೆಗಳನ್ನು ಬಿಟ್ಟು ಬಂದು ಅಳುವವರು. ಸಭೆಯ ಹಿರಿಯರಾದ ನಾವು ಒಂದು ದಿವಸ ಹೋಗಿ, ಪ್ರಾರ್ಥನೆ ಮಾಡಿ, ಬಿಸ್ಕೀಟು ಹಂಚಿ, ದಾರಿ ಮುಚ್ಚೀತೆಂಬ ಭಯದಿಂದ ಹೊತ್ತು ಮುಳುಗುವದರೊಳಗೆ ಮನೆಗೆ ಬಂದೆವು. ಹೊಳೆಯಾಚೆಯ ಆ ವಿಧವೆಯ ಹೆಸರನ್ನು ಎತ್ತಿ ಆಕ್ಷೇಪಣೆ ಮಾಡಿದವರೂ ನಮ್ಮ ಸಂಗಡ ಬಂದು ನಮ್ಮ ಸಂಗಡಲೇ ಮರಳಿದರು. ಹನ್ನೊಂದು ದಿವಸ ಅಲ್ಲಿಯೇ ಉಳಿದು, ಶಾಲೆಯ ಬೆಂಚುಗಳ ಮೇಲೆ ಮಲಗಿ, ಆ ಕಾಲುಗಳನ್ನು ಉಪ್ಪುನೀರಿನಿಂದ ತೊಳೆದವಳು ಒಬ್ಬ ಹುಡುಗಿ. ಆಗ ಆಕೆ ದಾದಿಯ ವಿದ್ಯೆಯನ್ನು ಇನ್ನೂ ಕಲಿಯುತ್ತಿದ್ದಳು. ಈಗ ಆಫ್ರಿಕಕ್ಕೆ ಹೋಗುವೆನೆಂದು ಕೇಳಿದವಳು ಆಕೆಯೇ.

ಮೊದಲು ಹತ್ತಿರದವರಿಗೆ ಎಂಬ ಮಾತು ಒಳ್ಳೇದು. ಆದರೆ ಅದನ್ನು ಆಡುವವರು ಹತ್ತಿರದವರ ಕಡೆಗೂ ಹೋಗದವರಾಗಿರುವದನ್ನು ನಾವು ಎಷ್ಟೋ ಸಾರಿ ಕಂಡಿದ್ದೇವೆ, ನಮ್ಮಲ್ಲಿಯೇ ಕಂಡಿದ್ದೇವೆ. ಹೊಳೆಯನ್ನು ದಾಟುವವರೇ ಕಡಲನ್ನೂ ದಾಟುವರು. ಎರಡನ್ನೂ ದಾಟದವರು ಒಂದನ್ನು ಇನ್ನೊಂದಕ್ಕೆ ಅಡ್ಡವಾಗಿ ಹಿಡಿಯುವರು. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಕಂಡು ಓರೆಯಾಗಿ ಹೋದ ಯಾಜಕನೂ ಲೇವಿಯನೂ ಅವನಿಗೆ ಸ್ವಜನರು, ಹತ್ತಿರದವರು. ನಿಂತವನು ಪರದೇಶದ ಪ್ರಯಾಣಿಕನು, ಬೇರೆಲ್ಲಿಗೋ ಹೊರಟಿದ್ದವನು.

ಆ ಸಾಮ್ಯವನ್ನು ಈ ಸಾರಿ ಓದುವಾಗ ಮತ್ತೊಬ್ಬನು ನಮ್ಮ ಕಣ್ಣಿಗೆ ಬಿದ್ದನು. ಸಮಾರ್ಯದವನು ಗಾಯ ಕಟ್ಟಿ, ತನ್ನ ಪಶುವಿನ ಮೇಲೆ ಹತ್ತಿಸಿ, ಚಾವಡಿಗೆ ತಂದು, ಒಂದು ರಾತ್ರಿ ಇದ್ದು, ಮರುದಿನ ಹೊರಟು ಹೋದನು. ಆ ಮೇಲೆ ಗಾಯಾಳುವನ್ನು ನೋಡಿಕೊಂಡವನಾರು? ಚಾವಡಿಯವನು. ಸ್ಥಳದವನು. ಅವನ ಹೆಸರಿನಲ್ಲಿ ಯಾವ ಆಸ್ಪತ್ರೆಯೂ ಇಲ್ಲ. ಸಮಾರ್ಯದವನ ಒಂದು ರಾತ್ರಿಯ ಉಪಕಾರವು ಫಲವಾದದ್ದು ಚಾವಡಿಯವನು ಇದ್ದದ್ದರಿಂದ. ಮತ್ತು ಸಮಾರ್ಯದವನು ಅವನ ಕೈಗೆ ಹಣ ಕೊಟ್ಟು, ಹೆಚ್ಚಾದದ್ದನ್ನು ತಾನು ಮರಳಿ ಬರುವಾಗ ಕೊಡುವೆನೆಂದು ಮಾತು ಕೊಟ್ಟದ್ದರಿಂದ. ಹಣವೋ ಮನುಷ್ಯನೋ ಎಂಬ ನಮ್ಮ ಲೆಕ್ಕವನ್ನು ಅವನು ಮಾಡಲಿಲ್ಲ. ಎರಡನ್ನೂ ಕೊಟ್ಟನು, ಮರಳಿ ಬರುವ ಮಾತನ್ನೂ ಕೊಟ್ಟನು. ಎರಡು ತಿಂಗಳಿಗೆ ಹೋಗುವ ನಮ್ಮ ಸ್ವಯಂಸೇವಕರು ಚಾವಡಿಯವನು ಯಾರು, ಅವನಿಗೆ ಏನು ಬೇಕು ಎಂದು ಕೇಳದೆ ಹೋಗುವದೇ ಹೆಚ್ಚು. ಪೌಲನಾದರೂ ಮಕೆದೋನ್ಯಕ್ಕೆ ಹೊರಟದ್ದು, ಆ ದಡದ ಮನುಷ್ಯನು ತನ್ನನ್ನು ಕರೆದದ್ದನ್ನು ದರ್ಶನದಲ್ಲಿ ಕಂಡ ಮೇಲೆ.

ಆದದರಿಂದ ನಾವು ಹಿರಿಯರು ಮತ್ತೆ ಕೂಡಿದಾಗ ಒಂದೇ ನಿರ್ಣಯ ಮಾಡಿದೆವು. ಹಣ ಕೊಡುವ ಮಾತನ್ನೂ ಕೊಡದಿರುವ ಮಾತನ್ನೂ ಬದಿಗಿಟ್ಟು, ಆ ಆಸ್ಪತ್ರೆಯ ಮುಖ್ಯ ದಾದಿಗೆ ಪತ್ರ ಬರೆಯತಕ್ಕದ್ದು. ಆಕೆ ಆ ನಾಡಿನವಳೇ ಆಗಿರುವಳು. ನಾವು ಏನು ಕೊಡುವೆವೆಂದು ಬರೆಯದೆ, ನಿಮಗೆ ಏನು ಬೇಕೆಂದು ಕೇಳತಕ್ಕದ್ದು. ಪತ್ರವನ್ನು ಹುಡುಗಿಯೇ ಬರೆದಳು. ಕಂಪ್ಯೂಟರಿನ ಮುಖಾಂತರ ಕಳುಹಿಸಿದರೂ ಉತ್ತರಕ್ಕೆ ಮೂರು ವಾರ ಹಿಡಿಯಿತು. ಆ ಕಡೆಯೂ ಮಳೆಗಾಲವಾಗಿತ್ತಂತೆ.

ಉತ್ತರವು ಸೌಮ್ಯವಾಗಿಯೂ ನೇರವಾಗಿಯೂ ಇತ್ತು. ಎರಡು ತಿಂಗಳಿಗೆ ಬರುವವರು ಪ್ರತಿವರ್ಷ ಬರುತ್ತಾರೆ. ಅವರು ವಾರ್ಡಿನ ಕ್ರಮವನ್ನು ಕಲಿಯುವಷ್ಟರಲ್ಲಿ ಹೊರಡುವ ದಿವಸ ಬರುತ್ತದೆ. ನಿಮ್ಮ ಸಹೋದರಿಯು ಬರುವದಾದರೆ ಎರಡು ವರ್ಷಕ್ಕೆ ಬರಲಿ. ಹೆರಿಗೆಯ ಕೆಲಸ ತಿಳಿದಿದ್ದರೆ ಉತ್ತಮ. ಬರುವ ಮೊದಲು ಸ್ವಾಹಿಲಿ ಭಾಷೆಯನ್ನು ಕಲಿಯಲಾರಂಭಿಸಲಿ, ಯಾಕಂದರೆ ಹೆರಿಗೆಯ ಬೇನೆಯಲ್ಲಿರುವ ಹೆಂಗಸು ಇಂಗ್ಲಿಷಿನಲ್ಲಿ ಕೂಗುವದಿಲ್ಲ. ಜ್ವರ ಬಂದರೆ ನಾವು ನೋಡಿಕೊಳ್ಳುವೆವೆಂದು ಆಕೆಯ ತಾಯಿಗೆ ತಿಳಿಸಿರಿ. ಕಡೆಯ ಮಾತನ್ನು ಹುಡುಗಿಯು ತಾನಾಗಿ ಕೇಳಿರಲಿಲ್ಲ, ಪತ್ರದಲ್ಲಿ ತಾಯಿಯ ಸುದ್ದಿಯೂ ಇರಲಿಲ್ಲ. ಪ್ರತಿಯೊಬ್ಬಳಿಗೂ ತಾಯಿಯೊಬ್ಬಳು ಇರುವಳೆಂದು ಆ ಮುಖ್ಯ ದಾದಿಯು ತಾನೇ ಊಹಿಸಿ ಬರೆದಿದ್ದಳು.

ಎರಡು ವರ್ಷವೆಂಬ ಮಾತು ಎಲ್ಲರ ಬಾಯಿಯನ್ನೂ ಕಟ್ಟಿತು. ಎರಡು ತಿಂಗಳಿಗೆ ಉತ್ಸಾಹವು ಸಾಕು. ಎರಡು ವರ್ಷವೆಂದರೆ ಮದುವೆಯ ಮಾತು, ಇಲ್ಲಿಯ ಕೆಲಸದ ಮಾತು, ಸಕ್ಕರೆ ಕಾಯಿಲೆಯುಳ್ಳ ತಾಯಿಯ ಮಾತು. ಹುಡುಗಿಯು ಇನ್ನೂ ಹೂಂ ಅಂದಿಲ್ಲ, ಉಹೂಂ ಎಂದೂ ಅಂದಿಲ್ಲ. 2019ರಲ್ಲಿ ನಾವು ಮಾಡದೆ ಉಳಿಸಿದ್ದನ್ನು ನೆನೆದು, ಆಕೆ ಹೋದರೆ ತಾಯಿಯ ಔಷಧವನ್ನೂ ಹೊಳೆಯಾಚೆಯ ವಿಧವೆಯ ವಾರದ ಭೇಟಿಯನ್ನೂ ನೋಡಿಕೊಳ್ಳುವದಾಗಿ ಇಬ್ಬರು ಹಿರಿಯರು ಹೆಸರು ಕೊಟ್ಟಿದ್ದಾರೆ. ವಿಧವೆಯ ಭೇಟಿಯು ಆಕೆಯ ನಿರ್ಣಯಕ್ಕೆ ಕಾಯದೆ ಹೋದ ವಾರವೇ ಆರಂಭವಾಗಿದೆ.

ಮೊನ್ನೆ ನಾವು ಅವರ ಮನೆಗೆ ಹೋದಾಗ ಹುಡುಗಿಯು ಒಂದು ಚಿಕ್ಕ ಪುಸ್ತಕದಿಂದ ಸ್ವಾಹಿಲಿ ಮಾತುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ತಾಯಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ಕೇಳುತ್ತಿದ್ದಳು. ಔಷಧಕ್ಕೆ ಆ ಭಾಷೆಯಲ್ಲಿ ದವಾ ಎನ್ನುವರೆಂದು ಮಗಳು ಓದಿದಾಗ ತಾಯಿಯ ಕೈ ನಿಂತಿತು.

“ದವಾ? ನಮ್ಮ ದವಾಖಾನೀ ದವಾನ ಅಲ್ಲೇನ ಅದು?” ಅಂದಳು. “ಮತ್ತೊಂದ ಓದು ನೋಡೋಣು.”